ಕತ್ತು ನೋವೆಂದು ನಾಯಿ ಹೇಳದು, ನಾವೇ ಗಮನಿಸಬೇಕು

ಊಟದ ಬಟ್ಟಲು ಮುಂದಿದ್ದರೂ ನಿಮ್ಮ ನಾಯಿ ತಲೆ ಬಗ್ಗಿಸದೆ ನಿಂತಿದೆಯೇ? ಎತ್ತಿಕೊಳ್ಳಲು ಹೋದರೆ ಕುಂಯ್ ಎನ್ನುತ್ತದೆಯೇ? ಹಟ ಮಾಡುತ್ತಿದೆ ಎಂದು ಗದರಬೇಡಿ, ಕತ್ತು ನೋಯುತ್ತಿರಬಹುದು.

ಕತ್ತಿನಿಂದಲೇ ಶುರುವಾಗುವ ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್‌ಗಳಿರುತ್ತವೆ. ಡ್ಯಾಶ್‌ಹಂಡ್‌ನಂಥ ಗಿಡ್ಡ ಕಾಲಿನ ತಳಿಗಳಲ್ಲಿ ಇವು ಎಳೆಯ ವಯಸ್ಸಿನಲ್ಲೇ ಗಟ್ಟಿಯಾಗುತ್ತವೆ. ಸೋಫಾದಿಂದ ಜಿಗಿದರೂ ಸಾಕು, ಡಿಸ್ಕ್ ಒಡೆದು ಒಳಗಿನ ತಿರುಳು ಬೆನ್ನುಹುರಿಯನ್ನು ಒತ್ತಬಹುದು. 3ರಿಂದ 7 ವರ್ಷದೊಳಗೆ ಇದು ಹೆಚ್ಚು.

ಪಾದ ಮಡಚಿ ಉಗುರು ನೆಲಕ್ಕೆ ಉಜ್ಜುವುದು, ಹಿಂಗಾಲು ತೂರಾಡುವುದು, ಮೂತ್ರ ಕಟ್ಟುವುದು ಕಂಡರೆ ನಾಳೆಗೆಂದು ಕಾಯಬೇಡಿ. ಕಾಲಿನಲ್ಲಿ ನೋವಿನ ಅರಿವು ಉಳಿದಿರುವಾಗಲೇ ಶಸ್ತ್ರಚಿಕಿತ್ಸೆಯಾದರೆ ಮತ್ತೆ ನಡೆಯುವ ಸಾಧ್ಯತೆ ಹೆಚ್ಚು. ಹಲಗೆಯ ಮೇಲೆ ಮಲಗಿಸಿ, ಬೆನ್ನು ಬಾಗದಂತೆ ಪಶುವೈದ್ಯರ ಬಳಿಗೆ ಒಯ್ಯಿರಿ. ಎಣ್ಣೆ ಹಚ್ಚಿ ನೀವಬೇಡಿ. ನಮ್ಮ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ.

ವೈದ್ಯರು ವಾರಗಟ್ಟಲೆ ಗೂಡಿನಲ್ಲೇ ವಿಶ್ರಾಂತಿ ಎಂದರೆ, ಮುದ್ದಿಗೆ ಕರಗಿ ಹೊರಬಿಡಬೇಡಿ. ಕೊರಳಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿ. ಮೈತೂಕ ಹತೋಟಿಯಲ್ಲಿರಲಿ. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲಿನ ಬುಡದಡಿ ಇಡಿ. ಬಾಯಿ ಬಾರದ ಜೀವಕ್ಕೆ ನಿಮ್ಮ ಆ ಎರಡು ಕೈಗಳೇ ಆಸರೆ.