ವರ್ತಕರೂ ಕೈಬಂದೂಕೂ: ಪರವಾನಗಿ ಮತ್ತು ನವೀಕರಣದ ನಿಯಮಗಳು

ಕೆಲಕಾಲದ ಹಿಂದೆ, ದಿವಂಗತರಾದ ವರ್ತಕರೊಬ್ಬರ ಆಸ್ತಿಪಟ್ಟಿಯನ್ನು ಸಿದ್ಧಪಡಿಸಲು ಸುರತ್ಕಲ್ಲಿನ ಅವರ ಮನೆಗೆ ಹೋಗಿದ್ದೆ. ಕಪಾಟಿನಲ್ಲಿ ಬ್ಯಾಂಕ್ ಠೇವಣಿ ರಸೀದಿಗಳ ಜೊತೆಗೆ ಒಂದು .32 ರಿವಾಲ್ವರ್ ಇತ್ತು. ಪರವಾನಗಿಯ ಅವಧಿ ಮುಗಿದು ಹನ್ನೊಂದು ತಿಂಗಳಾಗಿತ್ತು. "ಅಪ್ಪನದ್ದಲ್ಲವೇ ಸರ್, ಇನ್ನು ನನ್ನದಾಯಿತು" ಎಂದರು ಮಗ. ಮನೆ, ಅಂಗಡಿ, ಷೇರುಗಳ ಮಟ್ಟಿಗೆ ಈ ಮಾತು ಸರಿ. ಆಯುಧದ ಒಡೆತನವೂ ಉತ್ತರಾಧಿಕಾರದಿಂದ ಬರಬಹುದು; ಆದರೆ ಅದನ್ನು ಇರಿಸಿಕೊಳ್ಳುವ ಅಧಿಕಾರ ಪರವಾನಗಿಯಿಂದ ಮಾತ್ರ ಬರುತ್ತದೆ. ಈ ವ್ಯತ್ಯಾಸವನ್ನು ಅರಿಯದವರು ನಮ್ಮಲ್ಲಿ ಅನೇಕರಿರುವುದರಿಂದ ಈ ಲೇಖನ.

ಚರ್ಚೆಯ ಎರಡು ಮುಖಗಳು

2025ರ ಜನವರಿ 17ರಂದು ಕೋಟೆಕಾರು ವ್ಯವಸಾಯ ಸೇವಾ ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಯಲ್ಲಿ ಹಾಡಹಗಲೇ ದರೋಡೆ ನಡೆಯಿತು. ಇಂತಹ ಘಟನೆಗಳಾದಾಗಲೆಲ್ಲ ಚಿನ್ನಾಭರಣ ವ್ಯಾಪಾರಿಗಳೂ ನಗದು ಸಾಗಿಸುವವರೂ ಆತ್ಮರಕ್ಷಣೆಗಾಗಿ ಪರವಾನಗಿಯನ್ನು ಸುಲಭಗೊಳಿಸಬೇಕೆಂಬ ವಾದ ಏಳುತ್ತದೆ. ಪ್ರತಿವಾದವೂ ಹಗುರವಾದುದಲ್ಲ. ಕೈಬಂದೂಕನ್ನು ಜೇಬಿನಲ್ಲಿ ಅಡಗಿಸಬಹುದು, ಕದಿಯುವುದೂ ಸುಲಭ; ಸಣ್ಣ ಜಗಳವೂ ದೊಡ್ಡ ಗಲಭೆಯಾಗಬಲ್ಲ ಕರಾವಳಿಯಲ್ಲಿ ಅಂತಹ ಆಯುಧಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಕಾನೂನಿನ ನಿಲುವು

1959ರ ಆಯುಧ ಕಾಯ್ದೆ ಎಲ್ಲ ಬಂದೂಕುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬೆಳೆರಕ್ಷಣೆಯ ಕೋವಿಗೆ 13ನೇ ಪ್ರಕರಣವು ಸಾಕಷ್ಟು ಉದಾರವಾಗಿದೆ. ಪಿಸ್ತೂಲು, ರಿವಾಲ್ವರ್‌ಗಳಿಗೆ ಮಾತ್ರ ಅರ್ಜಿದಾರನು "ಸೂಕ್ತ ಕಾರಣ"ವನ್ನು ತೋರಿಸಿ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ವ್ಯಾಪಾರ ಅಥವಾ ವೃತ್ತಿಯ ಸ್ವರೂಪದಿಂದಲೇ ಪ್ರಾಣ ಅಥವಾ ಸ್ವತ್ತಿನ ರಕ್ಷಣೆಯ ನೈಜ ಅಗತ್ಯವಿರುವವರ ಅರ್ಜಿಯನ್ನು ಪರಿಗಣಿಸಲು 2016ರ ಆಯುಧ ನಿಯಮಗಳಲ್ಲಿ ಅವಕಾಶವಿದೆ. ಅರ್ಜಿದಾರನ ಬಳಿ ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲವೆಂದು 14ನೇ ಪ್ರಕರಣ ಹೇಳುತ್ತದೆ. ದೊಡ್ಡ ವಹಿವಾಟು ಇದ್ದ ಮಾತ್ರಕ್ಕೆ ಪರವಾನಗಿ ಹಕ್ಕಾಗುವುದೂ ಇಲ್ಲ.

ಅಮೆರಿಕದಲ್ಲಿ ಇದಕ್ಕೆ ವ್ಯತಿರಿಕ್ತವಾದ ಸ್ಥಿತಿಯಿದೆ. ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕ್ ರಾಜ್ಯದ ಷರತ್ತನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ರದ್ದುಪಡಿಸಿತು. ಅಲ್ಲಿ ಆಯುಧಧಾರಣೆ ಸಂವಿಧಾನದತ್ತ ಹಕ್ಕು. ನಮ್ಮಲ್ಲಿ ಅದು ಷರತ್ತುಬದ್ಧ ಅನುಮತಿ.

ಅರ್ಜಿ ಯಾರಿಗೆ?

ಮಂಗಳೂರು ನಗರ ಪೊಲೀಸ್ ಕಮಿಷನರೇಟ್ 2010ರಲ್ಲಿ ಆರಂಭವಾಯಿತು. ಸುರತ್ಕಲ್ ಅದರ ವ್ಯಾಪ್ತಿಯಲ್ಲಿರುವುದರಿಂದ ಇಲ್ಲಿನವರಿಗೆ ಪೊಲೀಸ್ ಆಯುಕ್ತರೇ ಪರವಾನಗಿ ಪ್ರಾಧಿಕಾರ. ಉತ್ತರಕ್ಕಿರುವ ಪಡುಬಿದ್ರಿ ಉಡುಪಿ ಜಿಲ್ಲೆಗೆ ಸೇರಿದ್ದು, ಅಲ್ಲಿ ಜಿಲ್ಲಾ ದಂಡಾಧಿಕಾರಿಗಳು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಸುರಕ್ಷಿತ ಬಳಕೆಯ ತರಬೇತಿ, ವೈದ್ಯಕೀಯ ಪ್ರಮಾಣಪತ್ರ ಹಾಗೂ ಭದ್ರವಾಗಿ ಇಡುವ ಮುಚ್ಚಳಿಕೆ ಅಗತ್ಯ. ನಿರಾಕರಿಸಿದರೆ ಕಾಯ್ದೆಯ 18ನೇ ಪ್ರಕರಣದಂತೆ ಮೇಲ್ಮನವಿಗೆ ಅವಕಾಶವಿದೆ.

ನವೀಕರಣ: ಎಡವುವುದು ಇಲ್ಲೇ

2019ರ ತಿದ್ದುಪಡಿ ಮೂರು ಬದಲಾವಣೆಗಳನ್ನು ತಂದಿತು.

1. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು.

2. ಒಬ್ಬರು ಇರಿಸಿಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು.

3. ಪರವಾನಗಿಯಿಲ್ಲದೆ ಬಂದೂಕು ಇರಿಸಿಕೊಳ್ಳುವುದಕ್ಕೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷಗಳ ಸೆರೆವಾಸ ಹಾಗೂ ದಂಡ ನಿಗದಿಯಾಯಿತು.

ಮೊದಲನೆಯದು ಸೌಲಭ್ಯದಂತೆ ಕಂಡರೂ ಅದರಲ್ಲೇ ಅಪಾಯವಿದೆ. ಐದು ವರ್ಷಗಳ ಹಿಂದಿನ ದಿನಾಂಕ ಯಾರಿಗೆ ನೆನಪಿರುತ್ತದೆ? ತೆರಿಗೆ ವಿವರ ತಡವಾದರೆ ವಿಳಂಬ ಶುಲ್ಕ ಕಟ್ಟಿ ಪಾರಾಗಬಹುದು. ಇಲ್ಲಿ ಅವಧಿ ಮುಗಿದ ಮರುದಿನದಿಂದಲೇ ಕಪಾಟಿನ ಆಯುಧ ಅಕ್ರಮದ ಗೆರೆ ದಾಟುತ್ತದೆ. ಮೂರು ತಿಂಗಳು ಮೊದಲೇ ಕಾಗದಪತ್ರಗಳನ್ನು ಹೊಂದಿಸಿಕೊಳ್ಳುವುದು ಒಳಿತು. ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆ ಪರವಾನಗಿಯಲ್ಲಿ ನಮೂದಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಚುನಾವಣೆಯ ಕಾಲದಲ್ಲಿ ಆಯುಧಗಳನ್ನು ಠೇವಣಿ ಇಡಿಸುವ ಬಗೆಗೆ ನಮ್ಮ ಜಿಲ್ಲೆಯ ಕೃಷಿಕರಿಂದ ಆಕ್ಷೇಪ ಕೇಳಿಬರುವುದುಂಟು. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಗಳಲ್ಲಿ ಭಾಗಿಯಾದವರು ಮುಂತಾದವರ ಪ್ರಕರಣಗಳನ್ನು ಪರಿಶೀಲನಾ ಸಮಿತಿ ನೋಡಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ವಿನಾಯಿತಿ ಬೇಕಾದವರು ಕಾರಣಸಹಿತ ಲಿಖಿತ ಮನವಿ ಸಲ್ಲಿಸಲಿ. ಠೇವಣಿ ಇಟ್ಟವರು ರಸೀದಿಯನ್ನು ಜೋಪಾನ ಮಾಡಲಿ. ಆಯುಧ ಠಾಣೆಯಲ್ಲಿದೆಯೆಂದು ನವೀಕರಣ ಮರೆಯಬಾರದು.

ಲೆಕ್ಕಪರಿಶೋಧಕನ ಎರಡು ಮಾತು

ವೈಯಕ್ತಿಕ ಪರವಾನಗಿಯಲ್ಲಿ ಕೊಂಡ ರಿವಾಲ್ವರನ್ನು ಸಂಸ್ಥೆಯ ಖರ್ಚಿಗೆ ಬರೆಯುವುದು ಸಲ್ಲದು. ಪರವಾನಗಿ ವ್ಯಕ್ತಿಯದು, ಸಂಸ್ಥೆಯದಲ್ಲ. ಅರ್ಜಿ ಹಾಕುವ ಮುನ್ನ ದಿನಕ್ಕೆ ಎಷ್ಟು ನಗದನ್ನು ಸಾಗಿಸುತ್ತೀರೆಂದು ನಗದು ಪುಸ್ತಕ ತೆರೆದು ನೋಡಿ. ಯುಪಿಐ ಬಂದ ಮೇಲೆ ಅನೇಕರ ಗಲ್ಲಾಪೆಟ್ಟಿಗೆ ಹಗುರವಾಗಿದೆ. ಉಳಿದ ನಗದಿಗೆ ಸಾಗಣೆ ವಿಮೆ, ಕಳ್ಳತನ ವಿಮೆಗಳಿವೆ. ಆ ಮೇಲೂ ಅಪಾಯ ಉಳಿದರೆ ಅದೇ ನಿಮ್ಮ "ಸೂಕ್ತ ಕಾರಣ".

ಮೇಲೆ ಹೇಳಿದ ಮಗ ಮರುದಿನವೇ ವಕೀಲರೊಡನೆ ಠಾಣೆಗೆ ಹೋಗಿ, 21ನೇ ಪ್ರಕರಣದಂತೆ ರಿವಾಲ್ವರನ್ನು ಠೇವಣಿ ಇಟ್ಟು ರಸೀದಿ ಪಡೆದರು. ಹಾಗೆಯೇ ಬಿಟ್ಟರೆ ನಿಗದಿತ ಕಾಲದ ಬಳಿಕ ಅದು ಸರ್ಕಾರದ ವಶವಾಗಬಹುದು. ಆದ್ದರಿಂದ ಸ್ವಂತ ಪರವಾನಗಿಗೆ ಅರ್ಜಿ ಹಾಕಬೇಕೇ, ಪರವಾನಗಿ ಹೊಂದಿದ ವ್ಯಾಪಾರಿಗೆ ಮಾರಬೇಕೇ ಎಂದು ನನ್ನನ್ನು ಕೇಳಿದರು. ನಾನು ಅವರ ನಗದು ಪುಸ್ತಕವನ್ನು ತರಲು ಹೇಳಿದೆ. ಪುಟ ತಿರುವಿದ ಮೇಲೆ ಅವರೇ ಮಾರುವ ತೀರ್ಮಾನಕ್ಕೆ ಬಂದರು. ಪ್ರತಿಯೊಬ್ಬರ ಲೆಕ್ಕವೂ ಹೀಗೆಯೇ ಬರಬೇಕೆಂದಿಲ್ಲ. ಆದರೆ ಪ್ರತಿಯೊಬ್ಬರೂ ಲೆಕ್ಕ ಹಾಕಲೇಬೇಕು. ಮನೆಯಲ್ಲಿ ಹಿರಿಯರ ಬಂದೂಕಿದ್ದರೆ ಇಂದೇ ಪರವಾನಗಿಯ ಕೊನೆಯ ದಿನಾಂಕವನ್ನು ನೋಡಿರಿ.