ಮನೆಮಂದಿಯೊಡನೆ ಚರಿತ್ರೆಯ ವ್ಯಾಸಂಗ

ಚರಿತ್ರೆಯನ್ನು ಪರೀಕ್ಷೆಗಾಗಿ ಓದುವುದು ಒಂದು ಬಗೆ; ಮನೆಮಂದಿಯೊಡನೆ ಕಂಡು ಕಲಿಯುವುದು ಇನ್ನೊಂದು ಬಗೆ. ಎರಡನೆಯದಕ್ಕೆ ನಮ್ಮ ಸೀಮೆಯಲ್ಲಿ ಸಾಧನಗಳು ಬೇಕಾದಷ್ಟಿವೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರೇ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕೀರ್ತಿಪುರ. ಪುನ್ನಾಟದ ರಾಜಕುಮಾರಿಯನ್ನು ಗಂಗರ ಅವಿನೀತನು ವರಿಸಿದನು. ಅವರ ಮಗ ದುರ್ವಿನೀತನ ಕಾಲಕ್ಕೆ ಆ ರಾಜ್ಯವು ಗಂಗವಾಡಿಯಲ್ಲಿ ಸೇರಿಹೋಯಿತು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನಿಂದ ಕಿತ್ತೂರು ಮುಳುಗಡೆಯಾಯಿತು. ಆನೆಗಳನ್ನು ನೋಡಲು ಕಬಿನಿಗೆ ಬರುವವರಲ್ಲಿ ಎಷ್ಟು ಮಂದಿ ಈ ಸಂಗತಿಯನ್ನು ಬಲ್ಲರು?

ಎಡತೊರೆಯ ಕಥೆ ಬೇರೆ. ಕಾವೇರಿಯ ಪ್ರವಾಹದಿಂದ ಕಷ್ಟಕ್ಕೀಡಾದ ಆ ಊರಿನವರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೃಷ್ಣರಾಜನಗರವು ನಿರ್ಮಾಣವಾಯಿತು. ಅರ್ಕೇಶ್ವರನ ಗುಡಿಯು ಹಳೆಯ ಎಡತೊರೆಯಲ್ಲಿಯೇ ಉಳಿದಿದೆ. ನೀರು ಒಂದೆಡೆ ಹಳೆಯ ರಾಜಧಾನಿಯನ್ನು ಮುಚ್ಚಿತು, ಇನ್ನೊಂದೆಡೆ ಹೊಸ ಪಟ್ಟಣಕ್ಕೆ ಕಾರಣವಾಯಿತು.

ಆದರೆ ಇಂತಹ ಕಡೆ ಶಾಸನವನ್ನೋ ಫಲಕವನ್ನೋ ಓದಬಲ್ಲವರು ಮಕ್ಕಳು. ಅಕ್ಷರವರಿಯದ ಹಿರಿಯರು ದೂರ ನಿಲ್ಲುತ್ತಾರೆ. ಈ ಕೊರತೆಯನ್ನು ನೀಗುವಂತಹುದು ಮೈಸೂರಿನ ಜಯಲಕ್ಷ್ಮಿವಿಲಾಸದ ಜಾನಪದ ವಸ್ತುಸಂಗ್ರಹಾಲಯ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿಸಿದ ಇದಕ್ಕಾಗಿ ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿ ಹಳ್ಳಿ ತಿರುಗಿ ವಸ್ತುಗಳನ್ನು ಕೂಡಿಸಿದರು. ಬೇಸಾಯದ, ಅಡಿಗೆಮನೆಯ ಹಳೆಯ ಸಾಮಾನುಗಳ ಮುಂದೆ ಪದವಿಗೆ ಓದುವ ಮಗನಿಗೆ ಹೆಸರು ತೋಚದು. ರುಜು ಹಾಕಲು ಬಾರದ ತಾಯಿಯೇ ಅಲ್ಲಿ ಗುರುವಾಗುತ್ತಾಳೆ. ಮನೆಗೆ ಮೊದಲ ಪದವೀಧರರಾಗಲಿರುವ ನಮ್ಮಂಥವರಿಗೆ ಇದು ಸಣ್ಣ ಪಾಠವಲ್ಲ.

ಆದುದರಿಂದ ವಿದ್ಯಾರ್ಥಿಮಿತ್ರರು ಪ್ರವಾಸ ಹೊರಡುವಾಗ ತಂದೆತಾಯಿಗಳನ್ನೂ ಕರೆದೊಯ್ಯಲಿ; ಅವರು ಹೇಳಿದ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ.