ನೇಗಿಲು ಹಿಡಿದವನಿಗೂ ವೇದವಾಕ್ಯ

ಓಕಳಿಪುರದ ಸತ್ಯವೇದ ಪಾಠದಲ್ಲಿ ನಾವು ಎರಾಸ್ಮಸನ ಹೆಸರನ್ನೆತ್ತಲು, ರೋಮನ್ ಸಭೆಯವನಿಂದ ನಮಗೇನು ಪ್ರಯೋಜನವೆಂದು ಒಬ್ಬ ಸಹೋದರರು ಕೇಳಿದರು.

ಹಾಲೆಂಡ್ ದೇಶದ ಈ ಪಂಡಿತನು ಆ ಸಭೆಯ ಯಾಜಕನು. 1536ರಲ್ಲಿ ಮರಣಹೊಂದುವ ತನಕ ಅದನ್ನು ಬಿಟ್ಟವನಲ್ಲ. ಆದರೆ ಹಳೆಯ ಕೈಬರಹದ ಪ್ರತಿಗಳನ್ನು ಹೋಲಿಸಿ ನೋಡಿ, 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಬಾಸೆಲ್ ಪಟ್ಟಣದಲ್ಲಿ ಅಚ್ಚುಹಾಕಿಸಿದನು. ನೇಗಿಲ ಹಿಂದೆ ನಡೆಯುವ ರೈತನೂ ಮಗ್ಗದ ಮುಂದೆ ಕುಳಿತ ನೇಕಾರನೂ ದೇವರ ವಾಕ್ಯವನ್ನು ಹಾಡಿಕೊಳ್ಳಬೇಕೆಂಬುದು ಅವನ ಆಶೆ. ತಾನಾದರೋ ಲತೀನಿನಲ್ಲಿಯೇ ಬರೆದನು. ಆ ಗ್ರೀಕ್ ಪುಸ್ತಕದಿಂದ ಲೂಥರನು 1522ರಲ್ಲಿ ಜರ್ಮನ್ ಜನರ ಮಾತಿಗೆ ತಂದನು. ಬಹುಕಾಲದ ಮೇಲೆ, ಬಳ್ಳಾರಿಯ ಹ್ಯಾಂಡ್ಸ್ ಪಾದ್ರಿಗಳು ಮೊದಲಾದವರ ದುಡಿಮೆಯಿಂದ, ಕನ್ನಡ ಸತ್ಯವೇದವು 1831ರಲ್ಲಿ ಪೂರ್ಣವಾಯಿತು.

ಬೀಜವನ್ನು ಹಸನುಮಾಡಿದವನು ಬೇರೆ ಮನೆಯವನೆಂದು ಬೆಳೆಯನ್ನು ಬೇಡವೆನ್ನುವವರುಂಟೇ? ಆತನ ಆಶೆ ನಮ್ಮ ಹಳ್ಳಿಗಳಲ್ಲಿ ನೆರವೇರುವುದು, ಕಪಾಟಿನೊಳಗಿಟ್ಟ ಪುಸ್ತಕವನ್ನು ನಾವು ತೆರೆದು ಓದಿದಾಗಲೇ.